ಚಿಕ್ಕತಾಯಿ ಭೈರವಿ ಮುಗಿಸಿದ್ದು

“ಗುರುಗಳೇ, ಹಟ ಗುಣವೋ, ದೋಷವೋ?” ಎಂದು ಶಿಷ್ಯ ಕೇಳಿದ.

“ಯಾರ ಹಟ?” ಎಂದರು ಗುರುಗಳು.

“ಯಾರದೂ ಅಲ್ಲ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳುವವರು ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಯೋಚಿಸುವುದಿಲ್ಲ. ಇರಲಿ, ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾಲಗದವನಿದ್ದ. ಮದುವೆ ಮುಂಜಿಗಳಲ್ಲಿ ನಾಗಸ್ವರ ಊದುವುದು ಅವನ ಮನೆತನದ ವೃತ್ತಿ. ಅವನಿಗೆ ಒಬ್ಬಳೇ ಮಗಳು. ಹೆಸರು ಚಿಕ್ಕತಾಯಿ.

ಆ ಸೀಮೆಯ ಅರಮನೆಯಲ್ಲಿ ಒಂದು ಬ್ಯಾಂಡು ಇತ್ತು. ಅರಮನೆಗೆ ಬಾಗಿಲು ಬಿದ್ದಾಗ ಬ್ಯಾಂಡಿಗೂ ಬಾಗಿಲು ಬಿತ್ತು. ಅದರಲ್ಲಿದ್ದ ಒಬ್ಬ ಮುದುಕ ಊರು ಬಿಟ್ಟು ಹೋಗುವಾಗ ತನ್ನ ಕ್ಲಾರಿನೆಟ್ಟನ್ನು ವಾಲಗದವನ ಕೈಗೆ ಕೊಟ್ಟು ಹೋದ. ಕಪ್ಪು ಮರದ ಕೊಳವೆ. ಮೈತುಂಬ ಬೆರಳಿನಿಂದ ಒತ್ತುವ ಬೆಳ್ಳಿಬಣ್ಣದ ಕೀಲಿಗಳು.

ವಾಲಗದವನು ಅದನ್ನು ಊದಿ ನೋಡಿದ. ನಾಗಸ್ವರದಲ್ಲಾದರೆ ಕೆಳಗಿನ ಷಡ್ಜಕ್ಕೆ ಇಟ್ಟ ಬೆರಳನ್ನೇ ಇಟ್ಟು ಉಸಿರು ಬಿಗಿಮಾಡಿದರೆ ಮೇಲಿನ ಷಡ್ಜ ಬರುತ್ತದೆ. ಅದು ಅವನ ಅಪ್ಪ ಕಲಿಸಿದ್ದು, ಅಜ್ಜ ಕಲಿಸಿದ್ದು. ಈ ಕೊಳವೆಯಲ್ಲಿ ಹಾಗೆ ಮಾಡಿದರೆ ಷಡ್ಜ ಬರಲಿಲ್ಲ, ಅದನ್ನೂ ದಾಟಿ ಪಂಚಮ ಬಂತು. ಮತ್ತೆ ಊದಿದ. ಮತ್ತೆ ಪಂಚಮವೇ.

“ಉಪ್ಪು ಕೇಳಿದ್ರೆ ಬೆಲ್ಲ ಕೊಡೋ ಅಂಗಡಿ ಇದು. ಸ ಕೇಳಿದ್ರೆ ಪ ಕೊಡ್ತದೆ. ನಂಬಿ ಸಂಸಾರ ಮಾಡೋ ವಾದ್ಯ ಅಲ್ಲ,” ಎಂದು ಅದನ್ನು ಅಟ್ಟಕ್ಕೆ ಹಾಕಿದ.

ಚಿಕ್ಕತಾಯಿ ಏಣಿ ಹಾಕಿ ಅದನ್ನು ಇಳಿಸಿಕೊಂಡಳು. “ಪ ಸಿಗ್ತದೆ ಅಂದ್ಮೇಲೆ ಸ ಎಲ್ಲಿಗೆ ಹೋದೀತಪ್ಪ? ಅಲ್ಲೇ ಎಲ್ಲೋ ಇರಬೇಕು,” ಎಂದಳು.

“ಹುಡುಕವ್ವ, ಹುಡುಕು. ಸಿಕ್ಕಿದ್ರೆ ನಂಗೂ ಒಂದು ಮಾತು ಹೇಳು,” ಎಂದು ಅಪ್ಪ ನಕ್ಕ.

ಊರಿನಲ್ಲಿ ಆ ವಾದ್ಯ ಬಲ್ಲವರು ಒಬ್ಬರೂ ಇರಲಿಲ್ಲ. ಹೆಣ್ಣುಮಗಳಿಗೆ ಕಲಿಸಲು ಹೊರಗಿನಿಂದ ಬರುವವರೂ ಇರಲಿಲ್ಲ. ಅವಳು ಒಂದೊಂದೇ ಕೀಲಿ ಒತ್ತಿ, ಒಂದೊಂದೇ ತೂತು ಮುಚ್ಚಿ ಹುಡುಕಿದಳು. ಊದಿ ಊದಿ ತುಟಿ ಒಡೆಯಿತು. ಬೆಣ್ಣೆ ಸವರಿಕೊಂಡು ಮತ್ತೆ ಊದಿದಳು. ಕೀಲಿಯ ಸ್ವರ ಅಲುಗದೆ ನಿಲ್ಲುತ್ತದೆ, ಗಮಕಕ್ಕೆ ಬಗ್ಗುವುದಿಲ್ಲ ಎಂದು ಕಂಡಾಗ, ಬೆರಳನ್ನು ತೂತಿನ ಮೇಲೆ ಅರ್ಧ ಜಾರಿಸಿ, ತುಟಿಯನ್ನು ಸಡಿಲಿಸಿ ಬಿಗಿದು, ಅದನ್ನು ಬಗ್ಗಿಸಿದಳು. ಹನ್ನೊಂದು ತಿಂಗಳಾದ ಮೇಲೆ ಒಂದು ಸಂಜೆ ಅಪ್ಪನ ಎದುರು ಕೂತು ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗಿ ತಿರುಗಿ ಬಂದಳು. ಅಪ್ಪ ಮುಂದಿನ ಮದುವೆಗೆ ಹೊರಡುವಾಗ, “ನಡಿ, ನೀನೂ ಬಾ,” ಎಂದ.

ಹೆಣ್ಣು ವಾಲಗ ಊದುವುದು ಎಲ್ಲಾದರೂ ಉಂಟೇ ಎಂದು ಊರು ಎರಡು ವರ್ಷ ಆಡಿಕೊಂಡಿತು. ಮೂರನೆಯ ವರ್ಷ ಅಪ್ಪ ತೀರಿಕೊಂಡ. ಮುಹೂರ್ತಗಳು ಯಾರಿಗೂ ಕಾಯುವುದಿಲ್ಲ. ಊರು ಆಡಿಕೊಳ್ಳುವುದನ್ನು ಬಿಟ್ಟು ಅವಳನ್ನೇ ಕರೆಯಿತು. ಅವಳ ಪಕ್ಕದಲ್ಲಿ ಡೋಲು ಬಾರಿಸುತ್ತಿದ್ದವನು ಸೋದರಮಾವ ನಿಂಗಯ್ಯ.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಅವಳು ನುಡಿಸದ ಮದುವೆ ಆ ಊರಿನಲ್ಲಿ ಇರಲಿಲ್ಲ. ಆದರೆ ಅವಳು ಮುಗಿಸಿದ ರಾಗವೂ ಇರಲಿಲ್ಲ.

ಅದು ಹೀಗೆ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬಲಗೈ ಮೇಲೆತ್ತಿ “ಗಟ್ಟಿಮೇಳ!” ಎನ್ನುತ್ತಾರೆ. ಯಾರೋ ಸೀನಿದ್ದು, ಯಾರೋ ಅತ್ತದ್ದು, ಯಾರೋ ಒಡಕು ಮಾತಾಡಿದ್ದು ಆ ಗಳಿಗೆಯಲ್ಲಿ ಮದುಮಗಳ ಕಿವಿಗೆ ಬೀಳಬಾರದು. ಅದಕ್ಕಾಗಿ ವಾಲಗದವರು ನುಡಿಸುತ್ತಿದ್ದುದನ್ನು ಇದ್ದಲ್ಲೇ ಮುರಿದು, ಎಷ್ಟು ಬಲವಿದೆಯೋ ಅಷ್ಟೂ ಹಾಕಿ ಜೋರಾಗಿ ನುಡಿಸಬೇಕು. ಮದುವೆಮನೆಯ ಗದ್ದಲದಲ್ಲಿ ಪುರೋಹಿತರ ಕೂಗು ಕೇಳಿಸುವುದಿಲ್ಲ. ಆದ್ದರಿಂದ ವಾಲಗದವರು ಕೂಗಿಗೆ ಕಾಯುವುದಿಲ್ಲ, ಕೈಯನ್ನು ನೋಡುತ್ತಿರುತ್ತಾರೆ. ಕೈ ಮೇಲೆ ಹೋಯಿತೋ, ರಾಗ ಬಿತ್ತು, ಗಟ್ಟಿಮೇಳ ಎದ್ದಿತು.

ಚಿಕ್ಕತಾಯಿಗೆ ಭೈರವಿ ರಾಗದ ಮೇಲೆ ಪ್ರಾಣ. ನೂರಾರು ಚಪ್ಪರಗಳಲ್ಲಿ ಭೈರವಿ ತೊಡಗಿದ್ದಳು. ಕೆಳಗಿನ ಸ್ವರಗಳಲ್ಲಿ ಓಡಾಡಿ, ನಡುವಿನವನ್ನು ಮಾತಾಡಿಸಿ, ಮೇಲಿನ ಷಡ್ಜ ಮುಟ್ಟಿ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಕೈ ಏಳುತ್ತಿತ್ತು. ಏರಿದ್ದೇ ಏರಿದ್ದು. ಇಳಿದು ಮನೆ ಸೇರಿದ್ದಿಲ್ಲ.

“ಮಾವ, ಭೈರವೀನ ಒಂದೇ ಒಂದು ಸಲ ನಾಲ್ಕು ಜನದ ಮುಂದೆ ಪೂರ್ತಿ ಮುಗಿಸಬೇಕು. ಅದೊಂದೇ ಆಸೆ ನಂಗೆ,” ಎಂದು ಅವಳು ಒಮ್ಮೆ ಹೇಳಿದಳು.

“ನೀನು ಮುಗಿಸೋಗಂಟ ಕಾಯ್ತಾ ಕೂತ್ರೆ ಗಂಡು ಮುದುಕ ಆಯ್ತಾನೆ ಕೂಸೇ,” ಎಂದ ನಿಂಗಯ್ಯ.

ಊರಿನಲ್ಲಿ ಒಂದು ಸಂಗೀತ ಸಭೆ ಇತ್ತು. ಅಲ್ಲಿ ತಾಳಿಯಿಲ್ಲ, ಮುಹೂರ್ತವಿಲ್ಲ, ಬರುವವರು ಕೇಳುವುದಕ್ಕೆಂದೇ ಬರುತ್ತಾರೆ. ಚಿಕ್ಕತಾಯಿ ಅಲ್ಲಿನ ಕಾರ್ಯದರ್ಶಿಯ ಬಳಿ ಹೋಗಿ ಒಂದು ಕಛೇರಿಗೆ ಅವಕಾಶ ಕೇಳಿದಳು.

“ನೋಡಮ್ಮ, ಇದು ಮೆರವಣಿಗೆಯ ವಾದ್ಯ. ಕೀಲಿ ಇರುವ ವಾದ್ಯದಲ್ಲಿ ಗಮಕ ಬರುವುದಿಲ್ಲ. ಅದು ನಿನ್ನ ತಪ್ಪಲ್ಲ, ವಾದ್ಯದ ತಪ್ಪು,” ಎಂದು ಕಾರ್ಯದರ್ಶಿ ಬಹಳ ಸಮಾಧಾನದಿಂದ ಹೇಳಿದ.

ಅವಳು ವಾದ ಮಾಡಲಿಲ್ಲ. ಸಭೆಯ ಮೆಟ್ಟಿಲ ಮೇಲೆಯೇ ಕೂತು, ಊದುವ ತುದಿಗೆ ಕಟ್ಟುವ ರೀಡನ್ನು ಬಾಯಲ್ಲಿ ನೆನೆಸಿ, ವಾದ್ಯಕ್ಕೆ ಕಟ್ಟಿ, ಭೈರವಿಯ ಒಂದು ಎಳೆ ನುಡಿಸಿದಳು. ನಿಷಾದವನ್ನು ತೂಗಿ ತೂಗಿ ಧೈವತಕ್ಕೆ ಇಳಿಸಿದಳು. ಕಾರ್ಯದರ್ಶಿ ಆ ಕಡೆ ಈ ಕಡೆ ನೋಡಿದ. ಬೇರೆ ಯಾರೂ ಕೇಳಿಸಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಂಡು, “ಶನಿವಾರ ಮಧ್ಯಾಹ್ನ ಮೂರಕ್ಕೆ ಬಾ. ಬಿಸಿಲು ಹೊತ್ತು, ಹೆಚ್ಚು ಜನ ಇರುವುದಿಲ್ಲ,” ಎಂದ.

ಆ ಶನಿವಾರ ನಲವತ್ತು ಜನ ಬಂದಿದ್ದರು. ಚಿಕ್ಕತಾಯಿ ಭೈರವಿ ಎತ್ತಿಕೊಂಡಳು. ಅವಸರವಿಲ್ಲದ ಭೈರವಿ. ಎಡಕ್ಕೂ ಬಲಕ್ಕೂ ನೋಡಬೇಕಾಗಿಲ್ಲದ ಭೈರವಿ. ಮೂಗು ಮುರಿದುಕೊಂಡು ಕೂತಿದ್ದವರು ಬೆನ್ನು ನೆಟ್ಟಗೆ ಮಾಡಿದರು. ಅವಳು ಏರಿ ಏರಿ ಮೇಲಿನ ಷಡ್ಜದ ಮೇಲೆ ನಿಂತಳು. ಇನ್ನು ಇಳಿಯಬೇಕು.

ಆಗ ಬಾಗಿಲಲ್ಲಿ ಸಭೆಯ ಪೋಷಕರಾದ ಸಾಹುಕಾರರು ಕಾಣಿಸಿಕೊಂಡರು. ಜನರ ಹಿಂದೆ ನಿಂತಿದ್ದ ಕಾರ್ಯದರ್ಶಿ, ಹಾರ ಹಿಡಿದವನನ್ನು ಕರೆಯಲು ಬಲಗೈಯನ್ನು ಮೇಲೆತ್ತಿದ. ಅವನು ವೇದಿಕೆಯ ಕಡೆ ನೋಡಲೂ ಇಲ್ಲ.

ಆ ಕೈ ಚಿಕ್ಕತಾಯಿಯ ಕಣ್ಣಿಗೆ ಬಿತ್ತು. ಅವಳು ಯೋಚಿಸುವಷ್ಟರಲ್ಲಿ ಬೆರಳುಗಳು ಯೋಚಿಸಿ ಆಗಿತ್ತು. ಭೈರವಿ ಮುರಿದುಬಿತ್ತು. ಸಭೆಯ ನಡುವೆ, ಹಾಡುಹಗಲು, ಗಟ್ಟಿಮೇಳ ಎದ್ದಿತು. ನಿಂಗಯ್ಯನ ಡೋಲಂತೂ ಅವಳಿಗಿಂತ ಅರೆಗಳಿಗೆ ಮುಂದೆಯೇ ಇತ್ತು.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

“ಗಂಡು ಯಾರಪ್ಪಾ?” ಎಂದು ಒಬ್ಬ ಕೂಗಿದ.

“ಸಾಹುಕಾರ್ರೇ, ಬೇಗ ತಾಳಿ ಕಟ್ಟಿ, ಮುಹೂರ್ತ ಮೀರ್ತದೆ!”

“ಅಕ್ಷತೆ ಎಲ್ರೀ? ಊಟಕ್ಕೆ ಮೊದಲನೇ ಪಂಕ್ತೀಲೇ ಕೂರಿಸ್ಬೇಕು ನನ್ನ!”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾರ ಹಾಕಿಸಿಕೊಂಡ ಸಾಹುಕಾರರೂ ನಕ್ಕರು. ಕಾರ್ಯದರ್ಶಿ ವೇದಿಕೆಯ ಬಳಿ ಬಂದು, “ಆಯಿತಮ್ಮ, ಸಾಕು, ಏಳು,” ಎಂದ. ಅವಳು ವಾದ್ಯ ಒರೆಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಮನೆಗೆ ಬಂದ ನಿಂಗಯ್ಯ ಗೋಡೆಗೆ ಒರಗಿ ಕೂತ. “ನನ್ನ ಕೈ ಕಡಿದುಹಾಕು ಕೂಸೇ. ಮೊದ್ಲು ಎದ್ದದ್ದು ಈ ಪಾಪಿ ಕೈ,” ಎಂದ.

“ಕಡಿದುಹಾಕಿದ್ರೆ ನಾಳೆ ಬಳೆಗಾರರ ಮದುವೇಲಿ ಡೋಲು ಬಾರಿಸೋರು ಯಾರು? ಎದ್ದು ಮುಖ ತೊಳ್ಕೋ,” ಎಂದಳು ಚಿಕ್ಕತಾಯಿ. ಅವಳು ಅಳಲಿಲ್ಲ. ಅಳುವುದನ್ನು ನೋಡಲೆಂದೇ ಬಂದಿದ್ದ ಪಕ್ಕದ ಮನೆಯವಳು ಸ್ವಲ್ಪ ಹೊತ್ತು ಕಾದು ಎದ್ದುಹೋದಳು.

ಅಂದಿನಿಂದ ಊರಿಗೆ ಒಂದು ಆಟ ಸಿಕ್ಕಿತು. ಅವಳು ಬೀದಿಗೆ ಬಂದರೆ ಯಾರಾದರೊಬ್ಬರು ಕೈ ಎತ್ತುವರು. ಹೂವಾಡಗಿತ್ತಿ ಮೊಳ ಹಾಕುತ್ತ ಕೈ ಎತ್ತುವಳು. ಸೌದೆ ಅಂಗಡಿಯವನು ಅಂಗಡಿಯ ಒಳಗಿನಿಂದ ಓಡಿಬಂದು ಎರಡೂ ಕೈ ಎತ್ತಿ, “ಗಟ್ಟಿಮೇಳ, ಗಟ್ಟಿಮೇಳ!” ಎನ್ನುವನು. ಆ ಆಟದಲ್ಲಿ ಅವನನ್ನು ಮೀರಿಸಿದವರಿಲ್ಲ.

ಅಷ್ಟಾದರೂ ಮತ್ತೆ ಅದೇ ಸಭೆಯಲ್ಲಿ ನುಡಿಸುತ್ತೇನೆ ಎಂದಳು ಚಿಕ್ಕತಾಯಿ. “ನಗೋರ ಮುಂದೆ ಎಡವಿ ಬಿದ್ದಾಯ್ತು. ಎದ್ದು ಮನೆಗೆ ಬಂದಾಯ್ತು. ಮತ್ತೆ ಅಲ್ಲೇ ಹೋಗಿ ನಡೀಬೇಕಾ?” ಎಂದ ನಿಂಗಯ್ಯ.

“ನನಗೆ ನಡೆಯೋಕೆ ಬರ್ತದೆ ಅನ್ನೋದು ಅವರಿಗೆ ಗೊತ್ತಾಗೋದು ಬೇಡ್ವಾ?”

“ಹಂಗಿದ್ರೆ ಕಣ್ಣು ಮುಚ್ಕೊಂಡು ನುಡಿಸು. ದೊಡ್ಡ ದೊಡ್ಡ ವಿದ್ವಾಂಸರೇ ಕಣ್ಣು ಮುಚ್ಚಿ ನುಡಿಸ್ತಾರೆ. ಕೈ ಕಾಣಾಕಿಲ್ಲ, ಕಾಟ ಇರಾಕಿಲ್ಲ.”

“ಅವರು ರಾಗಕ್ಕೆ ಮುಚ್ತಾರೆ ಮಾವ. ನಾನು ಆ ಕೈಗೆ ಹೆದರಿ ಮುಚ್ಚಿದ ಹಾಗೆ ಆಗ್ತದೆ. ಮುಚ್ಚಾಕಿಲ್ಲ.”

ಮರುದಿನ ಅವಳು ನೇರವಾಗಿ ಸೌದೆ ಅಂಗಡಿಗೆ ಹೋದಳು. ಅವನು ಕೈ ಎತ್ತಿದ. ಎತ್ತಿದ ಕೈ ಇಳಿಸುವ ಮೊದಲೇ ಅವಳು ಹೇಳಿದಳು: “ಅಣ್ಣ, ನಿಮಗೆ ಕೈ ಎತ್ತೋ ಚಪಲ ಬಹಳ. ಆದ್ರೆ ಬೀದೀಲಿ ಎತ್ತಿದ್ರೆ ನನ್ನ ಕೈಲಿ ವಾದ್ಯ ಇರೋದಿಲ್ಲ. ನಿಮಗೂ ಪೂರ್ತಿ ಸಂತೋಷ ಸಿಗಲ್ಲ. ಸಂಜೆ ನಮ್ಮ ಜಗಲಿಗೆ ಬನ್ನಿ. ನಾನು ನುಡಿಸ್ತೀನಿ. ನೀವು ಹೊಟ್ಟೆತುಂಬ ಕೈ ಎತ್ತಿ.”

“ಹುಚ್ಚೇನಮ್ಮ ನಿನಗೆ?”

“ಹುಚ್ಚೇ. ಒಬ್ಬರೇ ಬರಬೇಡಿ, ನಿಮ್ಮಂಥವರು ನಾಲ್ಕು ಜನಾನ ಕರ್ಕೊಂಡು ಬನ್ನಿ.”

ಸಂಜೆ ಅವನು ಹತ್ತು ಜನರನ್ನು ಕರೆದುಕೊಂಡು ಬಂದ. ಚಿಕ್ಕತಾಯಿ ಭೈರವಿ ತೊಡಗಿದಳು. ಅವನು ಕೈ ಎತ್ತಿದ. ಬೆರಳುಗಳು ಗಟ್ಟಿಮೇಳಕ್ಕೆ ಹಾರಿದವು. ಹತ್ತು ಜನವೂ ಬಿದ್ದು ಬಿದ್ದು ನಕ್ಕರು. ಅವಳು ಮತ್ತೆ ಮೊದಲಿನಿಂದ ತೊಡಗಿದಳು. ಮತ್ತೆ ಕೈ, ಮತ್ತೆ ಗಟ್ಟಿಮೇಳ. ಆ ಸಂಜೆ ಏಳು ಬಾರಿ ಹಾಗಾಯಿತು. ಎಂಟನೆಯ ಬಾರಿ ನಗುವವರಿಗೇ ಸುಸ್ತಾಯಿತು. “ನಾಳೆ ಇದೇ ಹೊತ್ತಿಗೆ ಬನ್ನಿ,” ಎಂದು ಅವಳು ಒಳಗೆ ಹೋದಳು.

ಮಾರನೆಯ ಸಂಜೆ ಇಪ್ಪತ್ತು ಜನ. ಪುಕ್ಕಟೆ ನಗು ಸಿಗುವ ಕಡೆ ಯಾರು ಬರುವುದಿಲ್ಲ? ಒಂದು ತಿಂಗಳು ಹೀಗೆ ನಡೆಯಿತು. ನಿಂಗಯ್ಯ ಡೋಲಿನ ಕೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಅಂಗೈಗಳ ಮೇಲೆ ಕೂತಿರುತ್ತಿದ್ದ. ಕೈ ಎದ್ದಾಗಲೆಲ್ಲ ಅವನ ಮೈ ನಡುಗುತ್ತಿತ್ತು. ಚಿಕ್ಕತಾಯಿಯ ಬೆರಳುಗಳೂ ನಡುಗುತ್ತಿದ್ದವು. ಆದರೆ ಒಂದು ದಿನ ನಡುಗಿದವೇ ಹೊರತು ಹಾರಲಿಲ್ಲ. ಮರುದಿನ ಹಾರಿದವು. ಅದರ ಮರುದಿನ ಮತ್ತೆ ಹಾರಲಿಲ್ಲ.

ಎರಡನೆಯ ತಿಂಗಳು ಅವಳು ಎತ್ತಿದ ಕೈಯನ್ನು ನೇರವಾಗಿ ನೋಡುತ್ತ ನುಡಿಸತೊಡಗಿದಳು. ಸೌದೆ ಅಂಗಡಿಯವನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಎರಡು ಕೈ ಎತ್ತಿದ. ಹೆಗಲ ಮೇಲಿನ ವಲ್ಲಿ ಬೀಸಿದ. ಮೊರ ಎತ್ತಿಸಿದ. ಒಂದು ದಿನ ಮಣೆಯ ಮೇಲೆ ಹತ್ತಿ ನಿಂತು ಎತ್ತಿದ. ಅವಳು ಅವನ ಮುಖ ನೋಡುತ್ತಲೇ ಗಾಂಧಾರದಿಂದ ರಿಷಭಕ್ಕೆ ಇಳಿದಳು. ಅವನು ಮಣೆಯಿಂದ ಇಳಿದ.

ನಗು ಯಾವ ದಿನ ನಿಂತಿತು ಎಂದು ಯಾರೂ ಗುರುತು ಹಾಕಿಕೊಂಡಿಲ್ಲ. ಜನ ಮಾತ್ರ ಬರುತ್ತಲೇ ಇದ್ದರು. ಏತಕ್ಕೆ ಬರತೊಡಗಿದೆವು ಎಂಬುದು ಅವರಿಗೆ ಮರೆತುಹೋಗಿತ್ತು. ಒಂದು ಸಂಜೆ ಚಿಕ್ಕತಾಯಿ ಮೇಲಿನ ಷಡ್ಜ ಮುಟ್ಟಿದಾಗ ಸೌದೆ ಅಂಗಡಿಯವನು ರೂಢಿಯಂತೆ ಕೈ ಎತ್ತಿದ. ಎತ್ತಿದವನು ಇಳಿಸುವುದನ್ನು ಮರೆತ. ಅವಳು ಒಂದೊಂದೇ ಸ್ವರಕ್ಕೆ ಇಳಿದು, ಬೇಕಾದಲ್ಲಿ ನಿಂತು, ಹಿಂತಿರುಗಿ ನೋಡಿ, ಕೆಳಗಿನ ಷಡ್ಜಕ್ಕೆ ಬಂದು ಸೇರುವವರೆಗೂ ಆ ಕೈ ಮೇಲೆಯೇ ಇತ್ತು. ಕೊನೆಗೆ ಅವನ ಹೆಂಡತಿ ಎಳೆದು ಇಳಿಸಿದಳು.

“ಇಷ್ಟು ದಿನ ನಾನು ಅರ್ಧಕ್ಕೆ ನಿಲ್ಲಿಸ್ತಿದ್ದದ್ದು ಇದನ್ನಾ?” ಎಂದ ಅವನು.

“ಮುಗೀತಲ್ಲ ಕೂಸೇ, ನಿನ್ನಾಸೆ ತೀರ್ತು,” ಎಂದ ನಿಂಗಯ್ಯ. ಅವನ ಕಣ್ಣಲ್ಲಿ ನೀರಿತ್ತು.

“ಎಲ್ಲಿ ತೀರ್ತು? ಮುರಿದದ್ದು ಅಲ್ಲಿ. ಇಲ್ಲಿ ಮುಗಿಸಿದ್ರೆ ಅದು ಮುಗಿದ ಹಾಗಾ?” ಎಂದಳು ಚಿಕ್ಕತಾಯಿ.

ಅಷ್ಟರಲ್ಲಿ ಸಭೆಗೂ ಸುದ್ದಿ ಮುಟ್ಟಿತ್ತು. ಸಭೆಯ ಚಾಪೆಗಳು ಖಾಲಿ ಬಿದ್ದಿರುವ ಸಂಜೆಗಳಲ್ಲಿ ಚಿಕ್ಕತಾಯಿಯ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅವಳು ಬಂದು ಕೇಳಿದಾಗ ಕಾರ್ಯದರ್ಶಿ ಈ ಬಾರಿ ಮೆಟ್ಟಿಲ ಮೇಲೆ ನಿಲ್ಲಿಸಲಿಲ್ಲ, ಒಳಗೆ ಕರೆದ.

“ವಾರ್ಷಿಕೋತ್ಸವದ ಸಂಜೆ ನಿನ್ನದೇ ಕಛೇರಿ ಇಡುತ್ತೇನೆ. ಒಂದು ಮಾತು. ಸಾಹುಕಾರರು ನಡುವೆ ಬರುತ್ತಾರೆ. ನಾನು ಕೈ ಎತ್ತುತ್ತೇನೆ. ನೀನು ನಿಲ್ಲಿಸಬೇಕು. ಆ ಮದುವೆ ಗದ್ದಲ ಬೇಡ, ಸುಮ್ಮನೆ ನಿಲ್ಲಿಸಿದರೆ ಸಾಕು. ಸನ್ಮಾನ ಮುಗಿದ ಮೇಲೆ ಮುಂದುವರಿಸಬಹುದು.”

“ಅವರಿಗೆ ಮೊದಲೇ ಬರೋದಕ್ಕೆ ಹೇಳಿ,” ಎಂದಳು ಚಿಕ್ಕತಾಯಿ.

“ಅವರು ದೊಡ್ಡವರಮ್ಮ. ಯಾವಾಗ ಬರುತ್ತಾರೋ ಅದು ಅವರಿಷ್ಟ.”

“ಹಾಗಿದ್ರೆ ಯಾವಾಗ ಮುಗಿಸ್ತೀನೋ ಅದು ನನ್ನಿಷ್ಟ.”

ಕಾರ್ಯದರ್ಶಿ ತಮಾಷೆಯೆಂದುಕೊಂಡು ನಕ್ಕ. ಅವಳು ನಗಲಿಲ್ಲ.

ಆ ಸಂಜೆ ಸಭೆ ಕಿಕ್ಕಿರಿದಿತ್ತು. ಹಿಂದೆ ನಕ್ಕಿದ್ದ ನಲವತ್ತು ಜನರೂ ಬಂದಿದ್ದರು. ಸೌದೆ ಅಂಗಡಿಯವನು ಕೈ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಚಿಕ್ಕತಾಯಿ ಬೇರೆ ಯಾವ ರಾಗವನ್ನೂ ಮುಟ್ಟಲಿಲ್ಲ, ಭೈರವಿಯನ್ನೇ ಎತ್ತಿಕೊಂಡಳು. ಏರಿದಳು. ಮೇಲಿನ ಷಡ್ಜದ ಮೇಲೆ ನಿಂತಳು. ಬಾಗಿಲಲ್ಲಿ ಸಾಹುಕಾರರು ಬಂದರು.

ಕಾರ್ಯದರ್ಶಿ ಈ ಬಾರಿ ವೇದಿಕೆಯನ್ನೇ ನೋಡುತ್ತ ಕೈ ಎತ್ತಿದ. ಅವಳು ಅದನ್ನು ನೋಡಿದಳು. ಇಳಿಯತೊಡಗಿದಳು. ಅವನು ಕೈಯನ್ನು ಇನ್ನೂ ಮೇಲೆತ್ತಿ ಅಲ್ಲಾಡಿಸಿದ. ಅವಳು ನಿಷಾದದ ಮೇಲೆ ನಿಂತು, ಅದನ್ನು ಮೂರು ಬಗೆಯಲ್ಲಿ ತೂಗಿದಳು. ಅವನು ಚಾಪೆಗಳನ್ನು ತುಳಿದುಕೊಂಡು ವೇದಿಕೆಯ ಬುಡಕ್ಕೇ ಬಂದು, ಅವಳ ಮುಖದ ಎದುರಿಗೆ ಕೈ ಎತ್ತಿ ಹಿಡಿದ. “ನಿಲ್ಲಿಸು,” ಎಂದು ಹಲ್ಲು ಕಚ್ಚಿ ಹೇಳಿದ. ಗೋಡೆಯ ಗೂಟವನ್ನು ನೋಡುವಂತೆ ಅವಳು ಆ ಕೈಯನ್ನು ನೋಡಿದಳು. ಅವಸರ ಮಾಡಲಿಲ್ಲ. ಅವನನ್ನು ಕೆಣಕಲೆಂದು ಎಳೆಯಲೂ ಇಲ್ಲ. ರಾಗಕ್ಕೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ತೆಗೆದುಕೊಂಡಳು.

ಸಾಹುಕಾರರು ಹಾರವಿಲ್ಲದೆ ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಸರಿದು ಜಾಗ ಕೊಟ್ಟರು. ಅವರು ಎಲ್ಲರಂತೆ ಚಾಪೆಯ ಮೇಲೆ ಕೂತರು. ಊರಿನಲ್ಲಿ ಅವರು ನೆಲದ ಮೇಲೆ ಕೂತದ್ದನ್ನು ಕಂಡವರು ಅಂದೇ ಕಂಡದ್ದು.

ಚಿಕ್ಕತಾಯಿ ಕೆಳಗಿನ ಷಡ್ಜಕ್ಕೆ ಬಂದಳು. ಉಸಿರು ಇರುವವರೆಗೂ ಅದನ್ನು ಹಿಡಿದಳು. ಬಿಟ್ಟಳು.

ಯಾರೂ ನಗಲಿಲ್ಲ. ಚಪ್ಪಾಳೆ ತಟ್ಟಬೇಕೆಂಬುದೂ ಯಾರಿಗೂ ತಕ್ಷಣ ಹೊಳೆಯಲಿಲ್ಲ. ಅವಳು ರೀಡು ಬಿಚ್ಚಿ, ವಾದ್ಯ ಒರೆಸಿ, ತಾನಾಗಿಯೇ ಎದ್ದಳು.

“ಇನ್ನು ಈ ಸಭೆಯ ಮೆಟ್ಟಿಲನ್ನು ನೀನು ಹತ್ತುವುದಿಲ್ಲ,” ಎಂದ ಕಾರ್ಯದರ್ಶಿ. 

“ಹತ್ತಬೇಕಾದ ಕೆಲಸ ಆಯ್ತು ಸ್ವಾಮಿ,” ಎಂದಳು ಚಿಕ್ಕತಾಯಿ.

ಸಭೆ ತನ್ನ ಮಾತಿಗೆ ತಪ್ಪಲಿಲ್ಲ. ಅವಳನ್ನು ಮತ್ತೆ ಎಂದೂ ಕರೆಯಲಿಲ್ಲ. ಬೇರೆ ಊರಿನ ಸಭೆಗಳು ಕರೆದವು. ಅವಳು ಹೋದಳು, ಕಣ್ಣು ತೆರೆದೇ ನುಡಿಸಿದಳು. ಜಗಲಿಯ ಸಂಜೆಗಳನ್ನೂ ಬಿಡಲಿಲ್ಲ, ಮದುವೆಗಳನ್ನೂ ಬಿಡಲಿಲ್ಲ.

ಅದೇ ವರ್ಷ ಕಾರ್ಯದರ್ಶಿಯ ಮಗಳಿಗೆ ಮದುವೆ ಗೊತ್ತಾಯಿತು. ಆ ಕೇರಿಯ ಮದುವೆಗಳಿಗೆ ವಾದ್ಯ ಯಾವ ಮನೆಯದು ಎಂಬುದು ತಲೆತಲಾಂತರದಿಂದ ನಡೆದು ಬಂದದ್ದು. ಅದನ್ನು ತಪ್ಪಿಸಿ ಬೇರೆಯವರನ್ನು ತಂದರೆ ಶುಭವಲ್ಲ ಎಂದು ಮನೆಯ ಹೆಂಗಸರು ಪಟ್ಟು ಹಿಡಿದರು. ಚಿಕ್ಕತಾಯಿಯನ್ನೇ ಕರೆಯಬೇಕಾಯಿತು. ಕಾರ್ಯದರ್ಶಿಗೆ ಊಟ ಸೇರಲಿಲ್ಲ. ಎದುರಿಗೆ ಕೈ ಎತ್ತಿ ಹಿಡಿದರೂ ನಿಲ್ಲಿಸದ ಹೆಂಗಸು. ಪುರೋಹಿತರು ಕೈ ಎತ್ತಿದಾಗ ಇವಳು ಭೈರವಿಯನ್ನು ಮುಗಿಸಿಯೇ ತೀರುತ್ತೇನೆಂದು ಕೂತರೆ? ಮುಹೂರ್ತ ಮೀರಿದರೆ? ಮಗಳ ಕಿವಿಗೆ ಯಾರದೋ ಕೆಟ್ಟ ಮಾತು ಬಿದ್ದರೆ?

ಮದುವೆಯ ಬೆಳಿಗ್ಗೆ ಅವನೇ ವಾದ್ಯದವರ ಬಳಿ ಬಂದ. “ಅಮ್ಮಾ, ಅದು ಸಭೆ, ಇದು ಮದುವೆ. ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಬೇಡ,” ಎಂದ. ಚಿಕ್ಕತಾಯಿ ಬಾಯಲ್ಲಿ ರೀಡು ನೆನೆಸುತ್ತಿದ್ದಳು. ಅದನ್ನು ತೆಗೆದು ವಾದ್ಯಕ್ಕೆ ಕಟ್ಟಿದಳು.

ಅವಳು ಭೈರವಿಯನ್ನೇ ತೊಡಗಿದಳು. ಚಪ್ಪರದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಮದುಮಕ್ಕಳನ್ನು ನೋಡುವವರು ಕಡಿಮೆ. ಒಂದು ಕಣ್ಣು ಪುರೋಹಿತರ ಮೇಲೆ, ಒಂದು ಕಣ್ಣು ವಾದ್ಯದವರ ಮೇಲೆ. ಅವಳು ಏರಿ ಮೇಲಿನ ಷಡ್ಜದ ಮೇಲೆ ನಿಂತಳು. ಗಳಿಗೆ ಬಂತು. ಪುರೋಹಿತರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ದೇವರನ್ನು ನೆನೆದ. ಪುರೋಹಿತರು ಅಳುಕುತ್ತ ಕೈಯನ್ನು ಭುಜದವರೆಗೆ, ಅರ್ಧ ಮಾತ್ರ ಎತ್ತಿದರು.

ಆ ಅರ್ಧ ಕೈಗೇ ಭೈರವಿ ನಿಂತಿತು. ಗಟ್ಟಿಮೇಳ ಎದ್ದಿತು. ಚಪ್ಪರದಲ್ಲಿ ಸಾವಿರ ಜನ ಸೀನಿದ್ದರೂ ಮದುಮಗಳಿಗೆ ಕೇಳಿಸುತ್ತಿರಲಿಲ್ಲ, ಅಷ್ಟು ಬಲವಾಗಿ ಎದ್ದಿತು. ನಿಂಗಯ್ಯ ಬೆಚ್ಚಿಬಿದ್ದು, ಜಗಲಿಯ ರೂಢಿಯಂತೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಕೋಲು ತೆಗೆದು, ಅರೆಗಳಿಗೆ ತಡವಾಗಿ ಡೋಲಿಗೆ ಬಾರಿಸಿದ. ಮದುಮಗಳ ಕೊರಳಿಗೆ ತಾಳಿ ಬಿತ್ತು.

ಎಲ್ಲ ಮುಗಿದ ಮೇಲೆ ಕಾರ್ಯದರ್ಶಿ ತಾಂಬೂಲ ಹಿಡಿದುಕೊಂಡು ಬಂದ. ಕೊಟ್ಟ ಮೇಲೂ ಅಲ್ಲೇ ನಿಂತ. ಕೇಳದೆ ಇರಲಾಗಲಿಲ್ಲ.

“ನಾನು ಮುಖದ ಮುಂದೆ ಕೈ ಎತ್ತಿ ಹಿಡಿದರೂ ನಿಲ್ಲಿಸಲಿಲ್ಲ. ಇಲ್ಲಿ ಅರ್ಧ ಕೈಗೇ ನಿಲ್ಲಿಸಿದೆ. ನಿನ್ನ ಹಟ ಎಲ್ಲಿ ಹೋಯಿತಮ್ಮ?”

“ಕೈ ನೋಡಿ ನಿಲ್ಲಿಸಲಿಲ್ಲ ಸ್ವಾಮಿ. ಆ ಹುಡುಗೀನ ನೋಡಿ ನಿಲ್ಲಿಸಿದೆ,” ಎಂದಳು ಚಿಕ್ಕತಾಯಿ.

ಗುರುಗಳು ಕತೆ ನಿಲ್ಲಿಸಿದರು.  ಶಿಷ್ಯ ತಾನಾಗಿಯೇ ಬಾಯಿಬಿಟ್ಟ.

“ಗುರುಗಳೇ, ಮೊನ್ನೆ ಪಕ್ಕದೂರಿನ ಮಠದಲ್ಲಿ ಪಾಠ ಹೇಳುವಾಗ ನಾನು ಒಂದು ಪದ್ಯವನ್ನು ಅರ್ಧದಲ್ಲಿ ಮರೆತೆ. ಕೂತವರೆಲ್ಲ ನಕ್ಕರು. ನಾನು ಎದ್ದು ಬಂದೆ. ಮತ್ತೆ ಬಾ ಎಂದು ಅಲ್ಲಿಂದ ಹೇಳಿಕಳಿಸಿದ್ದಾರೆ. ಸತ್ತರೂ ಹೋಗುವುದಿಲ್ಲ ಎಂದು ನಾನು ಹಟ ಹಿಡಿದಿದ್ದೇನೆ.”

ಗುರುಗಳು ಕೇಳಿದರು: “ಅಲ್ಲಿಂದ ನೀನು ಎದ್ದು ಬಂದೆಯೋ, ಅವರ ನಗು ನಿನ್ನನ್ನು ಎಬ್ಬಿಸಿತೋ?”